ಕರ್ಮಣಿ ಪ್ರಯೋಗ

ಸೊಲ್ಲಾಪುರದ ಕಾಲೇಜು, ಎರಡನೇ ಮಜಲು, ಹನ್ನೊಂದನೇ ಖೋಲಿ.
ಬಿ.ಎ. ಕನ್ನಡಕ್ಕೆ ನಾವು ಒಂಬತ್ತು ಮಂದಿ.
ಕನಮಡಿ ಸರ್ ಬಂದವರೇ ಮೊದಲು ಕಿಟಕಿ ಮುಚ್ಚುವರು.
ಹೊರಗಿನ ಚಾದರ ಗಿರಣಿಯ ಸಪ್ಪಳ
ವಿಭಕ್ತಿ ಪ್ರತ್ಯಯ ನುಂಗುತ್ತದೆಂದು.

ನಾನು ಬರೆದಿದ್ದೆ: ಕೆರೆ ಕಟ್ಟಲ್ಪಟ್ಟಿತು.
ಕೆಂಪು ಶಾಯಿಯಲ್ಲಿ, ಹಾಳೆ ಹರಿಯುವ ಹಾಗೆ:
ಯಾರಿಂದ? ಕರ್ತೃ ಎಲ್ಲಿ?
ಎಬ್ಬಿಸಿ ನಿಲ್ಲಿಸಿದರು.
'ಕೆರಿ ತಾನಾಗೇ ಕಟ್ಕೊಂತೇನೋ ಅವರಾದಿ?
ಯಾರೋ ಮಣ್ಣು ಹೊತ್ತಾರ, ಅವರ ಹೆಸರ ತಿಂದ್ಬಿಟ್ಟಿ.
ಕೂಸು ಹಾಲ ಕುಡೀತದ.
ಕೂಸಿನಿಂದ ಹಾಲು ಕುಡಿಯಲ್ಪಡ್ತದ ಅಂತ
ನಿಮ್ಮವ್ವ ಯಾವತ್ತರ ಅಂದಾಳೇನು?'
ಎಂಟು ಮಂದಿ ನಕ್ಕರು.

ಆ ವರ್ಷವೇ ಜತ್ತ ತಾಲೂಕಿನ ನಮ್ಮೂರ ಕನ್ನಡ ಶಾಲೆಗೆ
ಕನ್ನಡ ಬಾರದ ಗುರೂಜಿಯನ್ನು ಕಳಿಸಿದರು.
ಆತನೂ ಬಡಪಾಯಿ,
ಹಲಗೆಯ ಮೇಲೆ ಮಗ್ಗಿ ಬರೆಯುತ್ತಿದ್ದ, ಅಳಿಸುತ್ತಿದ್ದ.
ಸರ್ ರಜೆ ಹಾಕಿ ಬಂದು ಮೂರು ದಿನ ಪಾಠ ಹೇಳಿದರು.
ನಾಲ್ಕನೆಯ ದಿನ ತಹಶೀಲಿ ಕಚೇರಿ ಮೆಟ್ಟಿಲ ಮೇಲೆ ಕೂತವರು
ಎದ್ದದ್ದು ಚುನಾವಣೆಗೆ.

ಗುರುತು ಕಂದೀಲು.
ಗೋಡೆಯ ಮೇಲೆ ಹೆಸರಿಗೊಂದು ಬಾಲ ಬಂತು:
ಪ್ರಾ. ಅಮಗೊಂಡ ಕನಮಡೀಕರ.
'ಆಗಮ' ಅಂತ ನಕ್ಕರು, 'ಇರಲಿ,
ಪ್ಯಾಟ್ಯಾಗಿನ ಮತಾನೂ ಬೇಕಲ್ಲ.'
ಮೊದಲ ಸಲ ಠೇವಣಿ ಲೋಪ.
ಎರಡನೆಯ ಸಲ ಆಳುವವರ ಜೊತೆ ಸಂಧಿ.
ಆಮದಾರರಾದರು. ನಾನು ಅವರ ಕಾಗದ ಬರೆಯುವವನಾದೆ.

ಮುಂಬಯಿಯ ಸಭೆಯಲ್ಲಿ ಒಂದೇ ವಾಕ್ಯ ಕನ್ನಡದಲ್ಲಿ ಆಡಿದರು:
'ನಮ್ಮ ಮಕ್ಕಳ ಪುಸ್ತಕ ಯಾರು ತಡೆದರು?'
ಗದ್ದಲ, ಗಂಟೆ. ಸಂಜೆಯ ವರದಿಯಲ್ಲಿ
ಆ ಜಾಗದಲ್ಲಿ: ಕಾಢೂನ ಟಾಕಣ್ಯಾತ ಆಲೆ.
ತೆಗೆದು ಹಾಕಲಾಯಿತು.
ರಾತ್ರಿ ಗಾಡಿಯಲ್ಲಿ ಕುರ್ಡುವಾಡಿ ಬರುವ ತನಕ ನಕ್ಕರು.
'ಅವರಾದಿ, ಕರ್ತೃ ಎಲ್ಲಿ ಹೋದ್ನೋ?'
ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದರು.
ನಿದ್ದೆ ಬಂದಿರಲಿಲ್ಲ. ಕಾಲ್ಬೆರಳು ಆಡುತ್ತಿದ್ದವು.

ಯಾವ ದಿನದಿಂದ, ನನಗೂ ತಿಳಿಯದು.
ಸುಳ್ಳಾಡಬಾರದು, ಒಳ್ಳೆಯದೂ ಆಯಿತು:
ಉಮದಿಗೆ ಇಬ್ಬರು, ಸಂಖಕ್ಕೊಬ್ಬ ಕನ್ನಡ ಮಾಸ್ತರ,
ದೀಪಾವಳಿಗೆ ಬರುತ್ತಿದ್ದ ಪುಸ್ತಕ ಜೂನಿಗೆ.
ಅದಕ್ಕೆಲ್ಲ ಕರ್ತೃ ಇದ್ದ, ಫಲಕದ ಮೇಲೆ
ಗೇಣುದ್ದ ಅಕ್ಷರದಲ್ಲಿ.
ಉಳಿದ ಕಾಗದಕ್ಕೆ ನಾನೇ ಬರೆದೆ, ಅವರು ಹೇಳಿದಂತೆ:
ಪರಿಶೀಲಿಸಲಾಗುವುದು. ಗಮನಕ್ಕೆ ತರಲಾಗಿದೆ.
ಹಳ್ಳದ ಪೂಲಿನ ಗುತ್ತಿಗೆ ಕೊಡಲಾಯಿತು.
(ಅಳಿಯನಿಗೆ. ಆ ಪದ ವಾಕ್ಯಕ್ಕೆ ಬೇಕಿರಲಿಲ್ಲ.)
ಪೂಲು ಕಟ್ಟಲಾಯಿತು.
ಎರಡನೇ ವರ್ಷದ ಹಸ್ತ ಮಳೆಗೆ ಕಂಬ ಕುಸಿಯಿತು.
ಅದೊಂದೇ ಕರ್ತರಿ ಪ್ರಯೋಗ:
ಕಂಬ, ತಾನೇ, ಕುಸಿಯಿತು.

ಮೊನ್ನೆ ಮನೆಗೆ ಸುಣ್ಣ ಹಚ್ಚುವಾಗ
ಅಟ್ಟದ ಮೇಲೆ ಹಳೆಯ ನೋಟುಬುಕ್ಕು ಸಿಕ್ಕಿತು.
ಯಾಕೆ ಮಾಡಿದೆನೋ, ಆ ಹಾಳೆ ಹರಿದು
ಸಹಿಯ ಕಾಗದಗಳ ನಡುವೆ ಇಟ್ಟೆ.
ಮಾಡಿದವನು ನಾನು, ಕರ್ತೃ ಅವರಾದಿ.

ಶಿಫಾರಸು, ರಹವಾಸಿ ದಾಖಲೆ, ಬೋರ್‌ವೆಲ್ಲು, ವರ್ಗಾವಣೆ,
ಆಮೇಲೆ ಅದು.
ಕೈ ನಿಂತಿತು. ಕನ್ನಡಕ ಹಣೆಗೇರಿಸಿ
ಹಾಳೆಯನ್ನು ಮೂಗಿನ ಹತ್ತಿರ ಹಿಡಿದರು.
ಕೆಂಪು ಶಾಯಿ ಇಟ್ಟಂಗಿ ಬಣ್ಣಕ್ಕೆ ಬಂದಿತ್ತು.
ಹೊರಗೆ ಜೀಪಿನವ ಹಾರ್ನು ಒತ್ತಿದ, ಎರಡು ಸಲ.

'ಇಲ್ಲಿ ನೋಡು' ಅಂದರು,
'ಮೂರನೇ ಸಾಲಿನ್ಯಾಗ, ವಿದ್ಯಾರ್ಥಿಗೆ ಮಹಾಪ್ರಾಣ ಇಲ್ಲ.
ಅವತ್ತು ನನ್ನ ಕಣ್ಣು ತಪ್ಪಿಸಿತ್ತು.'
ಹಸಿರು ಪೆನ್ನಿನಿಂದ ತಿದ್ದಿದರು.
ಕೆಳಗೆ ಸಹಿ ಮಾಡಿ, ತಾರೀಖು ಹಾಕಿ,
ಮುಂದಿನ ಕಾಗದಕ್ಕೆ ಕೈ ಚಾಚಿದರು.